ಬಾಣಂತಿಗೆ ನೀರು

ಅನುಗೊಂಡನಹಳ್ಳಿ ಸುತ್ತಿನ ಹೆಂಗಸರಿಗೆ ನನ್ನ ಭಾಷಣ ಬಾಯಿಪಾಠವಾಗಿದೆ. ಅಂಗನವಾಡಿಯಲ್ಲಿ, ಸಂಘದ ಮೀಟಿಂಗಿನಲ್ಲಿ, ಹಾಲಿನ ಡೇರಿ ಮುಂದೆ, ನಾಲ್ಕು ಜನ ಸೇರಿದರೆ ಸಾಕು, ನಾನು ಒಂದೇ ರಾಗ ಎಳೆಯುತ್ತೇನೆ: ಬಾಣಂತಿಗೆ ನೀರು ಕೊಡಿ. ಬಾಯಾರಿದಾಗೆಲ್ಲ ಕೊಡಿ. ಅದರಿಂದ ಶೀತವಾಗುವುದಿಲ್ಲ, ಹೊಟ್ಟೆ ಬರುವುದಿಲ್ಲ, ಮಗುವಿಗೆ ನೆಗಡಿಯಾಗುವುದಿಲ್ಲ. ಕೊಡದಿದ್ದರೆ ಮಾತ್ರ ರಕ್ತ ಗಟ್ಟಿಯಾಗಿ ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಬಹುದು. ತಲೆ ಸಿಡಿಯುತ್ತದೆ, ಫಿಟ್ಸ್ ಬರುತ್ತದೆ, ಕೈಕಾಲು ಬಿದ್ದುಹೋಗುತ್ತದೆ. ನೀವು ಬಾಣಂತಿ ಸನ್ನಿ ಅನ್ನುವುದು ಇದನ್ನೇ. ಎಲ್ಲರೂ ತಲೆಯಾಡಿಸಿ ಕೇಳುತ್ತಾರೆ. ಆಮೇಲೆ ಮನೆಗೆ ಹೋಗಿ ಬಾಣಂತಿಯ ಕೈಗೆ ಅರ್ಧ ಲೋಟ ಓಂಕಾಳಿನ ನೀರು ಕೊಟ್ಟು, ಇವತ್ತಿಗೆ ಇಷ್ಟೇ ಕಣಮ್ಮ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಉರಿದು ಏನು ಪ್ರಯೋಜನ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲೇ ನನ್ನ ಮಾತು ನಡೆಯುತ್ತಿರಲಿಲ್ಲ. ನನ್ನ ಅಮ್ಮ ಮುನಿವೆಂಕಟಮ್ಮ ಬಾಣಂತನ ಮಾಡುವುದರಲ್ಲಿ ಊರಿಗೇ ಹೆಸರಾದವಳು. ಎಣ್ಣೆ, ಸುಡುನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಒಂದಕ್ಕೂ ಚ್ಯುತಿ ಬರಬಾರದು. ನೀರು ಮಾತ್ರ ತುಟಿ ನೆನೆಯುವಷ್ಟೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕ ಅರ್ಪಿತ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅಮ್ಮ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಅಕ್ಕ ನೀರು ನೀರು ಅನ್ನುತ್ತಲೇ ಇದ್ದಳು. ಪಕ್ಕದ ಮನೆಯ ಅಶ್ವತ್ಥಮ್ಮ ನೋಡಲಾರದೆ ಒಂದು ದಿನ ಅಮ್ಮನ ಕಣ್ಣು ತಪ್ಪಿಸಿ ಅರ್ಧ ಚೊಂಬು ಕುಡಿಸಿದಳು. ಮಾರನೆಯ ದಿನವೇ ಅಕ್ಕನಿಗೆ ತಲೆನೋವು ಬಂತು, ಸಂಜೆಗೆ ಫಿಟ್ಸ್. ಹೊಸಕೋಟೆಗೆ ಹೋಗುವ ದಾರಿಯಲ್ಲಿ ಟೆಂಪೊದಲ್ಲೇ ಜೀವ ಹೋಯಿತು. ನೀರು ಕುಡಿದೇ ನನ್ನ ಮಗಳು ಸತ್ತಳು ಎಂದು ಅಮ್ಮ ತೀರ್ಮಾನಿಸಿದಳು. ಅಶ್ವತ್ಥಮ್ಮನ ಜೊತೆ ಮಾತು ಬಿಟ್ಟಳು.

ಮಿಕ್ಕವರು ದೇವರು ಕರೆಸಿಕೊಂಡ ಅಂದರು. ಎಳೆಗೂಸಿನ ತಾಯಿಯನ್ನು ಕರೆಸಿಕೊಂಡು ಮಾಡುವುದೇನಿತ್ತು ಅವನಿಗೆ? ನನಗೆ ಸಿಟ್ಟು ಬಂತು. ಕಾರಣ ತಿಳಿಯಲೇಬೇಕೆಂದು ಹಟ ಹಿಡಿದು ಓದಿ ಮೆಡಿಕಲ್ ಸೇರಿದೆ. ಒಮ್ಮೆ ವಾರ್ಡಿನಲ್ಲಿ ನಮ್ಮ ಕಡೆಯ ಬಾಣಂತಿಯೊಬ್ಬಳು ಎಡಗೈ ಬಿದ್ದು ಮಲಗಿದ್ದಳು. ದಿನಕ್ಕೆ ಎಷ್ಟು ನೀರು ಕೊಡ್ತಿದ್ರಿ ಎಂದು ಪ್ರೊಫೆಸರ್ ಅವಳ ತಾಯಿಯನ್ನು ಕೇಳಿದರು. ಆ ಹೆಂಗಸು ಹೆಮ್ಮೆಯಿಂದಲೇ ಅರ್ಧ ಲೋಟ ಅಂದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಜೊತೆಯವರು ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋದರು. ನಾನು ಊರಿಗೆ ಬಂದು ಕ್ಲಿನಿಕ್ ತೆರೆದೆ. ನೀರು ಕೊಡಬೇಕೆಂದು ಅಮ್ಮನಿಗೂ ಸಾವಿರ ಸಲ ಹೇಳಿದ್ದೇನೆ. ಅರ್ಪಿತ ಕುಡಿದು ಏನಾದ್ಲು ನೋಡಿದ್ಯಲ್ಲ ಎಂದು ಅವಳು ಕೇಳಿದಾಗ ಮಾತ್ರ ಬಾಯಿ ಮುಚ್ಚುತ್ತಿದ್ದೆ. ನಿನ್ನ ಮಗಳು ಹೋದದ್ದು ನಿನ್ನ ಕೈಯಿಂದ ಅಂತ ಹೆತ್ತವಳಿಗೆ ಯಾವ ಬಾಯಲ್ಲಿ ಹೇಳಲಿ? ಅದೊಂದನ್ನು ಸಾಯುವವರೆಗೂ ಹೇಳುವುದಿಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ತಮ್ಮ ನರೇಶನ ಹೆಂಡತಿ ಚಂದನ ಹೆತ್ತಳು. ಅವಳಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ನಾನು ಫ್ಲಾಸ್ಕಿನ ತುಂಬ ಬಿಸಿನೀರು ತಂದು ಅವಳ ಪಕ್ಕದಲ್ಲಿಟ್ಟು, ಕುಡೀಬೇಕು ಕಣಮ್ಮ ಎಂದು ಗದರಿ ಬರುತ್ತಿದ್ದೆ. ಮಾರನೆಯ ದಿನ ನೋಡಿದರೆ ಫ್ಲಾಸ್ಕ್ ತುಂಬಿಯೇ ಇರುತ್ತಿತ್ತು.

"ಅತ್ತೆ ಬೇಜಾರು ಮಾಡ್ಕೋತಾರೆ ಅಕ್ಕ," ಅನ್ನುತ್ತಿದ್ದಳು ಚಂದನ. "ನಮ್ಮಮ್ಮ ಇದ್ದಿದ್ರೂ ಇಷ್ಟು ನೋಡ್ಕೋತಿರ್ಲಿಲ್ಲ. ಅವರ ಮಾತು ಹೆಂಗೆ ಮೀರ್ಲಿ?"

ಡಿಗ್ರಿ ಓದಿದ ಹುಡುಗಿ. ಎರಡು ಬಾರಿಸಬೇಕು ಅನ್ನಿಸಿತು. ಅಮ್ಮನ ಪ್ರೀತಿಯೇ ಅವಳ ಬಾಯಿ ಕಟ್ಟಿತ್ತು, ಪ್ರೀತಿಗೆ ಯಾವ ಔಷಧಿ ಬರೆದುಕೊಡಲಿ?

ಒಂದು ಬೆಳಿಗ್ಗೆ ಕ್ಲಿನಿಕ್‌ಗೆ ಹೊರಡುವ ಮುಂಚೆ ಬಾಣಂತಿ ಕೋಣೆಗೆ ಹೋದೆ. ಚಂದನ ಕಿವಿಗೆ ಬಟ್ಟೆ ಕಟ್ಟಿಕೊಂಡು ಕಣ್ಣು ಮುಚ್ಚಿ ನರಳುತ್ತಿದ್ದಳು. ರಾತ್ರಿಯಿಂದ ತಲೆನೋವು, ಎರಡು ಸಲ ವಾಂತಿ. ಬಲಗೈ ಎತ್ತು ಅಂದೆ. ಅರ್ಧಕ್ಕೆ ಎತ್ತಿದಳು, ಕೈ ತಾನಾಗಿ ಕೆಳಗೆ ಬಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಹಾಕು, ಈಗಲೇ ಬೆಂಗಳೂರಿಗೆ ಹೋಗಬೇಕು ಎಂದು ನರೇಶನಿಗೆ ಹೇಳಿದೆ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹಸಿ ಬಾಣಂತೀನ ಗಾಳೀಗೆ ಕರ್ಕೊಂಡೋಗ್ತೀಯಾ? ನೀನು ಫ್ಲಾಸ್ಕು ತಂದಿಟ್ಟೆಯಲ್ಲ, ಕುಡಿದಿರ್ತಾಳೆ, ಅದ್ಕೇ ಈ ತಲೆನೋವು. ಕಷಾಯ ಕೊಟ್ಟಿದ್ದೀನಿ. ಸಂಜೆಗೆ ಸರಿಹೋಗ್ತದೆ."

"ಸಂಜೆವರ್ಗೂ ನೋಡಾಣ ಅಕ್ಕ," ಅಂದ ನರೇಶ, ಕಾರಿನ ಕೀ ಹಿಡಿದುಕೊಂಡು.

"ಅಮ್ಮ, ದಾರಿ ಬಿಡು."

"ಬಿಡಲ್ಲ. ನೀರು ಕುಡಿದು ಒಬ್ಳು ಮಗಳು ಹೋದ್ಲು. ಇವ್ಳನ್ನೂ ಕಳ್ಕೊಳಲ್ಲ ನಾನು."

ಒಳಗೆ ಚಂದನ ಇನ್ನೊಮ್ಮೆ ವಾಂತಿ ಮಾಡಿದ ಸದ್ದು ಕೇಳಿಸಿತು.

"ಅಕ್ಕ ನೀರು ಕುಡಿದು ಸಾಯ್ಲಿಲ್ಲಮ್ಮ," ಅಂದೆ. "ಕುಡೀದೆ ಸತ್ಲು. ನೀನು ಕೊಡ್ದೆ ಸತ್ಲು. ಇವ್ಳೂ ಹಂಗೇ ಸಾಯ್ಬೇಕಾ?"

ಅಮ್ಮ ನನ್ನ ಮುಖ ನೋಡಿದಳು. ಬಾಗಿಲ ಚೌಕಟ್ಟು ಹಿಡಿದಿದ್ದ ಕೈ ಸಡಿಲವಾಯಿತು. ಪಕ್ಕಕ್ಕೆ ಸರಿದು, ಕೂಸನ್ನು ಎತ್ತಿಕೊಂಡು ನಮ್ಮ ಹಿಂದೆ ಕಾರು ಹತ್ತಿದಳು.

ದಾರಿಯಲ್ಲಿ ಚಂದನಳಿಗೆ ಫಿಟ್ಸ್ ಬಂತು. ಆದರೂ ತಲುಪಿಸಿದೆವು. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ರಕ್ತ ತೆಳುವಾಗುವ ಇಂಜೆಕ್ಷನ್ ಶುರು ಮಾಡಿದರು, ಜೀವ ಉಳಿಯಿತು. ಬಲಗೈ ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ, ಮಾತು ತಡವರಿಸುತ್ತದೆ. ಮಗಳನ್ನು ಯಾರಾದರೂ ಎತ್ತಿ ಅವಳ ಮಡಿಲಿಗೆ ಹಾಕಬೇಕು.

ಅವತ್ತು ಐಸಿಯು ಹೊರಗಿನ ಬೆಂಚಿನ ಮೇಲೆ ಅಮ್ಮ ಕೇಳಿದಳು, "ಅರ್ಪಿತಂಗೂ ಇದೇನಾ ಆಗಿದ್ದು?"

"ಆಗ ಸ್ಕ್ಯಾನ್ ಮಾಡ್ಸಿರ್ಲಿಲ್ಲಮ್ಮ. ಖಂಡಿತ ಅಂತ ಹೇಳಕ್ಕಾಗಲ್ಲ. ನೀರು ಕುಡಿದೋರಿಗೂ ಒಂದೊಂದ್ಸಲ ಬರ್ತದೆ."

"ಮಗಳಾಗಿ ಹೇಳ್ಬೇಡ. ಡಾಕ್ಟ್ರಾಗಿ ಹೇಳು."

"ಇದೇ ಇರ್ಬೇಕು," ಅಂದೆ.

ಅಮ್ಮ ಅಳಲಿಲ್ಲ. ಮೆಲ್ಲಗೆ ಅಂದಳು, "ಬಾಯೊಣಗ್ತದೆ ಅಂತಿದ್ಲು. ಹತ್ತಿ ಒದ್ದೆ ಮಾಡಿ ತುಟಿ ಒರೆಸ್ತಿದ್ದೆ. ಆ ಹತ್ತೀನೇ ಚೀಪೋಳು ಕಣೇ. ಬೈದು ಕಿತ್ಕೊಂಡ್ಬಿಟ್ಟೆ."

ಕೈ ಹಿಡಿಯಲು ಹೋದೆ, ಬಿಡಿಸಿಕೊಂಡಳು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ನನ್ನೊಂದಿಗೆ ಊಟಕ್ಕೆ ಬಾ, ಹೋಗಿ ಬಾ ಅನ್ನುವಷ್ಟೇ ಮಾತು.

ಮೊನ್ನೆ ಪಕ್ಕದ ಊರಿನ ಅಂಗನವಾಡಿಗೆ ಹೊರಟಿದ್ದೆ. ಅಮ್ಮ ಸೀರೆ ಬದಲಿಸಿಕೊಂಡು ಬಂದು, ಕೇಳದೆ ಕಾರಿನಲ್ಲಿ ಕೂತಳು. ಅಲ್ಲಿ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿದಳು. ನನ್ನ ಭಾಷಣ ಮುಗಿಯುವ ಹೊತ್ತಿಗೆ ಮುನಿಗಂಗಮ್ಮ ಎಂಬ ಅಜ್ಜಿ, ಬಸುರಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದವಳು, ಬಾಯಿ ಹಾಕಿದಳು.

"ನಾನು ಆರು ಹೆತ್ತಿವ್ನಿ ಡಾಕ್ಟ್ರಮ್ಮ. ಒಂದು ಬಾಣಂತನದಾಗೂ ನೀರು ಮುಟ್ಟಿಲ್ಲ. ಸತ್ತೋದ್ನಾ?"

ಎಲ್ಲರೂ ನಕ್ಕರು.

"ನೀನು ಉಳ್ಕೊಂಡೆ," ಅಂದಳು ಅಮ್ಮ, ಕೂತಲ್ಲಿಂದಲೇ. "ನನ್ ಮಗಳು ಉಳೀಲಿಲ್ಲ. ನೀರು ನೀರು ಅಂತ ಸತ್ಲು. ಕೊಡ್ದೆ ಇದ್ದೋಳು ನಾನು."

ನಗು ನಿಂತಿತು. ಸಾಕಮ್ಮ ಅನ್ನಲು ಎದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಮಗಳ ಹೆಸರು ಹೇಳಿದಳು, ಮೊದಲಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಬಿಡದೆ ಹೇಳಿದಳು. ಮುನಿಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹೊರಗೆ ಬಂದು ಕಾರಿನ ಪಕ್ಕ ನಿಂತೆ, ಕೇಳಲಾಗಲಿಲ್ಲ.

ವಾಪಸ್ ಬರುವಾಗ ಅಮ್ಮ ಕೇಳಿದಳು, "ನಾಳೆ ಯಾವೂರು?"

"ಬೇಡಮ್ಮ. ಎಲ್ಲ ಕಡೆ ಬಂದು ನೀನು ಇದನ್ನ ಹೇಳ್ಬೇಕಾಗಿಲ್ಲ."

"ಇನ್ಯಾರು ಹೇಳ್ತಾರೆ? ನಿಂಗೊತ್ತಿರೋದು ಪುಸ್ತಕದ್ದು. ಕೊಂದೋಳು ನಾನಲ್ವಾ?"

ನಾನು ನಾಳೆಯ ಊರಿನ ಹೆಸರು ಹೇಳಿದೆ.