ತಾಯಿಗಿಡಕ್ಕೆ ಬರಿಯ ನೀರು

ಎಲೆಯ ಅಂಚು ಕಂದಿದೆ, ಸೀದ ರೊಟ್ಟಿಯ ಹಾಗೆ, ನಿನ್ನೆ ಇಷ್ಟಿರಲಿಲ್ಲ, ಇತ್ತೇನೋ, ನೆಲಮಾಳಿಗೆಯ ಈ ನೇರಳೆ ದೀಪದಲ್ಲಿ ನನ್ನ ಕಣ್ಣನ್ನು ನಂಬುವ ಹಾಗಿಲ್ಲ — ಹಳದಿಯಾಗಿದೆ, ಹಸಿದಿದೆ ಎಂದು ಗೊಬ್ಬರದ ದ್ರಾವಣ ಹೆಚ್ಚಿಸಿದೆ, ಇನ್ನೂ ಹಳದಿಯಾಯಿತು, ಇನ್ನೂ ಹೆಚ್ಚಿಸಿದೆ, ಮಣ್ಣೇ ಕಾಣದ ಗಿಡ, ನೀರಿನಲ್ಲಿ ನಾನು ಕಲಸಿಕೊಟ್ಟದ್ದೇ ಅದರ ಊಟ, ನನ್ನ ಗಂಡ ರಸೆಲ್ ಬೆಳೆಸಿದ ಗಾಂಜಾ ತಳಿಯಲ್ಲಿ ಉಳಿದ ತಾಯಿಗಿಡ ಇದೊಂದೇ, ಬೀಜವಿಲ್ಲ, ಕಡ್ಡಿಯಿಂದ ಕಡ್ಡಿಗೆ ನಮ್ಮ ಸಂಸಾರದ ಜೊತೆಗೇ ಬಂದದ್ದು, ಇದು ಹೋದರೆ ಆ ನಿಂಬೆಸಿಪ್ಪೆಯ ವಾಸನೆ ನಮ್ಮ ಈ ಸ್ಲೋಕನ್ ಕಣಿವೆಯಲ್ಲಿ ಇನ್ನಿಲ್ಲ. ಅವನ ಉಣ್ಣೆಯಂಗಿಯಲ್ಲೂ ಅದೇ ವಾಸನೆ, ಯುದ್ಧ ಒಲ್ಲೆನೆಂದು ಗಡಿ ದಾಟಿ ಬಂದವನು, ಮೊದಮೊದಲು ದೇವದಾರುಗಳ ನಡುವೆ ಬೆಳೆಸುತ್ತಿದ್ದ, ಪೊಲೀಸರ ಹೆಲಿಕಾಪ್ಟರ್ ಸುತ್ತತೊಡಗಿದ ಮೇಲೆ ಗಿಡವೂ ನಾವೂ ಇಲ್ಲಿಗೆ ಇಳಿದೆವು, ಈಗ ಕಾನೂನೇ ಒಪ್ಪಿದೆ, ಆದರೂ ಇಳಿಯುವ ಮೊದಲು ನಾನು ಅಡುಗೆಮನೆಯ ಪರದೆ ಎಳೆಯುತ್ತೇನೆ. ದ್ರಾವಣ ಕಲಸುವಾಗೆಲ್ಲ ಅವನದೇ ದನಿ, ಕ್ಯಾಲ್ಸಿಯಂ ಮೊದಲು ಕಣೇ, ಚೆನ್ನಾಗಿ ಕಲಕು, ಆಮೇಲೆ ಉಳಿದದ್ದು, ಒಟ್ಟಿಗೆ ಸುರಿದ್ರೆ ಒಡೆದ ಹಾಲೇ ಗತಿ, ಮದುವೇಲಿ ನಮ್ಮಪ್ಪನ್ನೂ ನಿಮ್ಮಪ್ಪನ್ನೂ ಒಂದೇ ಮೇಜಿಗೆ ಕೂರಿಸಿದ್ವಲ್ಲ, ಹಾಗೆ — ನಗುವಾಗ ಅವನ ಕೈಯ ಲೋಟ ತುಳುಕುತ್ತಿತ್ತು, ಅಳತೆ ತಪ್ಪಿತು ನೋಡು ನಿನ್ನಿಂದ, ಎನ್ನುತ್ತಿದ್ದ, ತಾನೇ ನಕ್ಕು. ಮೆಟ್ಟಿಲ ಮೇಲೆ ಹೆಜ್ಜೆ, ಪಕ್ಕದ ಮನೆಯ ದುನ್ಯಾ, ಏನೇ ಮುದುಕಿ, ಬದುಕಿದೀಯಾ, ಮೇಲೆ ಬೋರ್ಷ್ ಸೂಪು ಇಟ್ಟಿದೀನಿ, ತಣ್ಣಗಾದ್ರೆ ಬೈಬೇಡ. ಗಂಟುಗಟ್ಟಿದ ಬೆರಳು, ಈ ಗಿಡದ ಮುಲಾಮು ಹಚ್ಚಿದ ದಿನ ಮಾತ್ರ ಅವಳಿಗೆ ಹಿಟ್ಟು ನಾದಲು ಬರುತ್ತದೆ, ಆ ಬೆರಳಿನಲ್ಲೇ ತೊರೆಯ ನೀರಿನ ಕ್ಯಾನ್ ಹೊತ್ತು ತಂದಿದ್ದಾಳೆ. ನಮ್ಮಜ್ಜಿ ಥರ ಆಡ್ತೀಯಲ್ಲೇ, ನೆಂಟರು ಬೇಡ ಬೇಡ ಅಂದಷ್ಟೂ ಬಡಿಸೋಳು, ಇದು ಹಸಿವಲ್ಲ, ಅಜೀರ್ಣ, ಅತಿಯಾದ ಉಪ್ಪಿಗೆ ಬೇರು ಬಾಯಿ ಮುಚ್ಕೊಂಡಿದೆ, ತೊಟ್ಟಿ ಚೆಲ್ಲು, ಬರೀ ನೀರು ಕೊಡು. ನಿನಗೆ ಯಾವಾಗ ಗೊತ್ತಾಯ್ತು? ಮೊನ್ನೆನೇ. ಮತ್ತೆ ಹೇಳಲಿಲ್ವಲ್ಲೇ? ಹೇಳಿದ್ರೆ ನೀನು ಅಳ್ತಿದ್ದೆ, ಅದಕ್ಕೇ ನೀರು ಹೊತ್ಕೊಂಡೇ ಬಂದೆ. ತೊಟ್ಟಿ ಬರಿದಾಗುತ್ತಿದೆ, ಗೊಳಗೊಳ ಸದ್ದು, ಬರಿಯ ನೀರು ಸಾಕೇ, ನಿತ್ರಾಣವಾಗಿ ಸತ್ತುಬಿಟ್ಟರೆ, ಒಂದೇ ಒಂದು ಮುಚ್ಚಳ ಗೊಬ್ಬರ ಹಾಕಲೇ, ನನ್ನ ಕೈ ಬಾಟಲಿಯ ಮೇಲಿದೆ, ದುನ್ಯಾ ನೋಡಿಯೂ ನೋಡದವಳಂತೆ ಗೋಡೆಯತ್ತ ತಿರುಗಿದ್ದಾಳೆ — ಒಂದೇ ಒಂದು ಚಮಚ ರಸೆಲ್, ನಿನಗಿಷ್ಟದ ಸೂಪು, ಕೊನೆಯ ದಿನಗಳ ಹಾಸಿಗೆಯಲ್ಲಿ ಅವನು ತುಟಿ ಬಿಗಿದುಕೊಂಡ, ಇನ್ನೊಮ್ಮೆ ಹಿಡಿದೆ, ಗಲ್ಲದ ಮೇಲೆ ಇಳಿಯಿತು, ದಾದಿ ನನ್ನ ಬೆರಳುಗಳಿಂದ ಚಮಚವನ್ನು ಮೆಲ್ಲನೆ ಬಿಡಿಸಿ ನೀರಿನಲ್ಲಿ ಅದ್ದಿದ ಹತ್ತಿ ಇಟ್ಟಳು, ಇಷ್ಟು ಸಾಕಮ್ಮಾ, ಇದು ಅವರಿಗೆ ಹಿತ, ತುಟಿಗೆ ಒತ್ತಿದೆ, ಒಂದು ಹನಿ ನಿಂತಿತು, ಅವನ ಬಾಯಿ ತಾನಾಗಿ ತೆರೆಯಿತು — ಬಾಟಲಿ ಬಿಟ್ಟೆ, ಕ್ಯಾನ್ ಬಗ್ಗಿಸುತ್ತಿದ್ದೇನೆ, ಹಿಮದ ತಣ್ಪು ಮಣಿಕಟ್ಟಿಗೆ ಹತ್ತುತ್ತಿದೆ, ನೀರು ಬೇರಿನ ಎಳೆ ಎಳೆಗೂ, ಬರಿಯ ನೀರು, ಒಣಗಿದ ಆ ತುಟಿ, ತುಟಿಯ ಮೇಲೆ ಹನಿ, ಹನಿ