ಅಣ್ಣನ ಕಾಲಿನ ಗೆರೆ

ನೋಡಿ, ನಮ್ಮಣ್ಣನ ಜೀವ ಉಳಿಸಿದವನು ನಾನು. ಡಾಕ್ಟರಲ್ಲ, ಡ್ರಿಪ್ಪಲ್ಲ, ನಾನು! ಎಂಟ್ರಿ ಕೊಟ್ಟೆ, ಒಂದೇ ಡೈಲಾಗ್ ಹೊಡೆದೆ, ಯಮ ಹಿತ್ತಲ ಬಾಗಿಲಿಂದ ಪರಾರಿ. ನಂಬಿಕೆ ಇಲ್ಲವಾ? ಕೂತು ಕೇಳಿ.

ಅಣ್ಣ ಬಡಗಿ. ಹಳೇ ಬಾಗಿಲು ಕಳಚುವಾಗ ತುಕ್ಕು ಹಿಡಿದ ಮೊಳೆ ಮೀನಖಂಡವನ್ನು ಗೀರಿತು. ಮೂರನೇ ದಿನ ಅಲ್ಲಿ ಊದಿ, ಕೆಂಪಾಗಿ, ಮುಟ್ಟಿದರೆ ಸುಡುತ್ತಿತ್ತು. ಅತ್ತಿಗೆ ಅವನನ್ನು ಕ್ಲಿನಿಕ್ಕಿಗೆ ಎಳೆದೊಯ್ದರು. ಬಾಲದಂತೆ ನಾನೂ ಹೋದೆ.

ನರ್ಸಮ್ಮ ಕೆಂಪಿನ ಸುತ್ತ ಪೆನ್ನಿನಿಂದ ಗೆರೆ ಎಳೆದರು. "ಸೋಂಕು ಸದ್ಯಕ್ಕೆ ಇಷ್ಟೇ ಜಾಗದಲ್ಲಿದೆ. ಮಾತ್ರೆ ತಪ್ಪಿಸ್ಬೇಡಿ. ಕೆಂಪು ಈ ಗೆರೆ ದಾಟಿದ್ರೆ, ಇಲ್ಲಾ ಜ್ವರ ನಡುಕ ಬಂದ್ರೆ, ದೊಡ್ಡಾಸ್ಪತ್ರೆಗೆ ಓಡಿ. ರಕ್ತಕ್ಕೆ ಸೇರಿದ್ರೆ ಮೈಯೆಲ್ಲಾ ಹರಡುತ್ತೆ."

"ಗೊತ್ತಾಯ್ತು ಬಿಡಿ ಸಿಸ್ಟರ್," ಅಂದೆ. "ಈ ಸೋಂಕು ಈಗ ಗಲ್ಲಿ ರೌಡಿ. ಗಲ್ಲಿ ದಾಟಿದ್ರೆ ಊರಿಗೇ ಡಾನ್!"

ನರ್ಸಮ್ಮ ಅತ್ತಿಗೆ ಕಡೆ ತಿರುಗಿದರು. "ನಿಮ್ ಮೈದುನನ ಬಾಯಿಗೂ ಏನಾದ್ರೂ ಬರ್ಕೊಡ್ಲಾ?"

ಅಣ್ಣನಿಗೆ ಗೆರೆ ಎಂದರೆ ಗೆರೆ. ಜೀವಮಾನವಿಡೀ ಗೆರೆ ನೋಡಿ ಗರಗಸ ಎಳೆದವನು. ಗಂಟೆಗೊಮ್ಮೆ ಪ್ಯಾಂಟ್ ಮಡಚಿ, "ಒಳಗೇ ಇದೆ" ಎಂದು ಘೋಷಿಸುತ್ತಿದ್ದ.

ಮರುದಿನ ಮಧ್ಯಾಹ್ನ ಅವನ ಹಲ್ಲು ಕಟಕಟ ಎನ್ನತೊಡಗಿತು. ಅತ್ತಿಗೆ ಥರ್ಮಾಮೀಟರ್ ನೋಡಿ ಹೌಹಾರಿದರು. "ನೂರಮೂರು! ಏಳ್ರಿ, ಹೋಗೋಣ."

"ಸುಮ್ನಿರೇ. ಮಾತ್ರೆ ಉಷ್ಣ. ಗೆರೆ ದಾಟಿದ್ಯಾ? ಇಲ್ವಲ್ಲ."

"ನಡುಕ ಬಂದ್ರೂ ಓಡಿ ಅಂದಿಲ್ವಾ ಅವ್ರು?"

"ಗೆರೆ ಸುಳ್ಳು ಹೇಳಲ್ಲ ಕಣೇ."

ಆಗ ಬಾಗಿಲಲ್ಲಿ ನಿಂತು ಗುಡುಗಿದೆ: "ಅಣ್ಣಾ! ಆ ಗೆರೆ ನಂಬ್ಬೇಡ!" ಗಾಡಿ ಬಂತು, ಅಣ್ಣ ಹೋದ, ಡಾಕ್ಟರು ತಲೆಯಾಡಿಸಿದರು. "ರಕ್ತಕ್ಕೆ ಸೇರಿಬಿಟ್ಟಿದೆ. ಇನ್ನರ್ಧ ದಿನ ಬಿಟ್ಟಿದ್ರೆ ಕಾಲಲ್ಲ, ಆಳೇ ಉಳೀತಿರ್ಲಿಲ್ಲ."

ಐದು ದಿನ ಡ್ರಿಪ್. ಆರನೇ ದಿನ ಅಣ್ಣ ದಿಂಬಿಗೆ ಒರಗಿ ನನ್ನನ್ನೇ ನೋಡಿದ. "ಅಲ್ಲಾ ಕಣೋ, ಗೆರೆ ತಪ್ಪು ಅಂತ ನೀನೇ ಹೇಳಿದ್ಯಂತೆ, ನಿಂಗೆ ಹೆಂಗೆ ಗೊತ್ತಾಯ್ತು?"

ಅತ್ತಿಗೆ ಕಡೆ ನೋಡಿದೆ. ಅತ್ತಿಗೆ ಕಿತ್ತಳೆ ಸುಲಿಯುತ್ತಾ, "ನೀನೇ ಹೇಳು" ಅಂದರು.

ಹೇಳಿದೆ. ನಿಮಗೂ ಹೇಳಿಬಿಡುತ್ತೇನೆ.

ಕ್ಲಿನಿಕ್ಕಿನಿಂದ ಬಂದ ಸಂಜೆ ಅಣ್ಣ ಮಾತ್ರೆ ನುಂಗಿ ಮಲಗಿದ್ದ. ಆ ದುಂಡು ಗೆರೆ ಥೇಟ್ ವಿಲನ್ ಮುಖದಂತಿತ್ತು. ಕಣ್ಣು ಬರೆದೆ, ಗಿರಿಜಾ ಮೀಸೆ ಬರೆದೆ, ಫೋಟೋ ಹೊಡೆದೆ. ಆಮೇಲೆ ಒದೆಯ ಭಯ. ಪಾಲಿಶ್ ಡಬ್ಬದ ಪಕ್ಕದ ಥಿನ್ನರ್‌ನಿಂದ ಒರೆಸಿದೆ. ಆ ವಾಸನೆ ಅವನಿಗೆ ಜೋಗುಳ, ಏಳಲಿಲ್ಲ. ಮೀಸೆಯ ಜೊತೆ ನರ್ಸಮ್ಮನ ಗೆರೆಯೂ ಹೋಯಿತು. ಅಂದಾಜಿನಲ್ಲಿ ಹೊಸದು ಎಳೆದೆ, ಹಳೆಯದಕ್ಕಿಂತ ಎರಡು ಬೆರಳು ಹೊರಗೆ.

ಬೆಳಿಗ್ಗೆ ನೋಡಿದಾಗ ಕೆಂಪು ನನ್ನ ಗೆರೆಯ ಅಂಚಿಗೇ ಬಂದಿತ್ತು. ನರ್ಸಮ್ಮನ ಗೆರೆ ಯಾವಾಗಲೋ ದಾಟಿದೆ ಎಂದು ಆಗಲೇ ಗೊತ್ತಾಯಿತು. ಆದರೂ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ.

ಗುಡುಗಿದ್ದೂ ಸುಳ್ಳು. ಬಾಗಿಲ ಹಿಂದೆ ಮೂಗು ಸೋರಿಸಿಕೊಂಡು, ಅಣ್ಣನಿಗೆ ಕೇಳದಂತೆ, "ಅತ್ತಿಗೇ, ಅದು ನರ್ಸಮ್ಮನ ಗೆರೆ ಅಲ್ಲ, ನಂದು" ಅಂದೆ, ಅಷ್ಟೇ. ಗಾಡಿ ಕರೆದದ್ದು, ಅಣ್ಣನನ್ನು ಹೆಗಲು ಕೊಟ್ಟು ಇಳಿಸಿದ್ದು, ಎಲ್ಲಾ ಅತ್ತಿಗೆ.