ರಂಗನಾಥನ ಬೈಕಿಗೆ ಧೂಪ

ಇಂಥ ಪ್ರಸಂಗಕ್ಕೆ ಹಿರಿಯರು ಒಂದು ಗಾದೆ ಮಾಡಿಟ್ಟಿರಬೇಕಿತ್ತು. ಅವರ ಕಾಲದಲ್ಲಿ ಪೆಟ್ರೋಲ್ ಇರಲಿಲ್ಲ, ಮಾಡಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಹೇಳದೆ ಬೇರೆ ದಾರಿಯಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಲಾರಿ ಮುಷ್ಕರ. ಟ್ಯಾಂಕರುಗಳು ನಿಂತಲ್ಲೇ ನಿಂತಿದ್ದವು. ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ಬೆಳಗಿನ ಬಸ್ಸು ಡೀಸೆಲ್ ಇಲ್ಲದೆ ಮಲಗಿತ್ತು. ಆಮೇಲಿನ ಬಸ್ಸಿನಲ್ಲಿ ಕಾಲು ಒಳಗೆ ಹೋದರೆ ಕೈ ಹೊರಗೆ, ಕೈ ಒಳಗೆ ಹೋದರೆ ಕಾಲು ಹೊರಗೆ. ಹಳೇಬೀಡಿನ ಖಾಸಗಿ ಹೈಸ್ಕೂಲೊಂದರಲ್ಲಿ ತಾತ್ಕಾಲಿಕ ಕನ್ನಡ ಮೇಷ್ಟ್ರಾಗಿದ್ದ ಕುಮಾರಸ್ವಾಮಿ ತನ್ನ ಹಳೇ ಸ್ಕೂಟರನ್ನೇ ನಂಬಿದ್ದ. ಭಾನುವಾರ ಅರಸೀಕೆರೆಯ ಬಂಕಿನಲ್ಲಿ ಅರ್ಧ ದಿನ ಸಾಲು ನಿಂತು, ಅವರು ಹಾಕಿದಷ್ಟು ಹಾಕಿಸಿಕೊಂಡು, ವಾರವಿಡೀ ಇಳಿಜಾರು ಬಂದಲ್ಲೆಲ್ಲ ಇಂಜಿನ್ ಆರಿಸಿಕೊಂಡು ಓಡಾಡುತ್ತಿದ್ದ.

ಅಷ್ಟು ಜಿಪುಣತನ ಮಾಡಿಯೂ ಆ ವಾರ ಎರಡು ಸಲ ಗಾಡಿ ನಡುದಾರಿಯಲ್ಲಿ ನಿಂತಿತು. ಪಕ್ಕಕ್ಕೆ ಮಲಗಿಸಿ, ಅಲ್ಲಾಡಿಸಿ, ಎತ್ತಿ ಒದ್ದರೂ ಉಸಿರಿಲ್ಲ. ತಳ್ಳಿಕೊಂಡು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿತ್ತು. ಎರಡನೇ ಸಲ ಗೇಟಿನಲ್ಲೇ ಸಿಕ್ಕವರು ಆಡಳಿತ ಮಂಡಳಿಯ ಅಧ್ಯಕ್ಷ ಏಕಾಂತಯ್ಯ. ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ. ಪಂಚೆಯ ಬಿಳುಪಿನ ಮೇಲೆ ಬಲು ಅಭಿಮಾನ.

"ಏನ್ ಮೇಷ್ಟ್ರೇ, ಇದು ಇಸ್ಕೂಲೋ, ಛತ್ರವೋ? ಕಾಯಂ ಹುದ್ದೆ ಇರೋದು ಒಂದೇ. ಸೋಮವಾರ ಮೀಟಿಂಗ್ ಐತೆ. ಇನ್ನೊಂದ್ ಸಲ ಹಿಂಗಾದ್ರೆ ನಿಮ್ ದಾರಿ ನೀವು ನೋಡ್ಕಳಿ."

ಆ ಒಂದು ಹುದ್ದೆಗೆ ಕಣ್ಣು ಹಾಕಿದ್ದ ಇನ್ನೊಬ್ಬ ತಾತ್ಕಾಲಿಕ ಎಂದರೆ ವಿಜ್ಞಾನದ ಮೇಷ್ಟ್ರು ರಂಗನಾಥ. ಜಾವಗಲ್ಲಿನಲ್ಲಿ ಕುಮಾರಸ್ವಾಮಿ ಇದ್ದ ವಠಾರದಲ್ಲೇ ಎದುರುಮನೆಯವನು. ಹೊಸ ಫೋರ್‌ಸ್ಟ್ರೋಕ್ ಬೈಕು ಇಟ್ಟಿದ್ದ. ಪೆಟ್ರೋಲ್ ಸಾಲಿನಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ತಡವಾಗಿ ಬಂದವನಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದ: "ಕುಮಾರಸ್ವಾಮಿಯವರೇ, ಗಾಡಿ ನಿಮ್ಮನ್ನ ಹೊರುತ್ತೋ, ನೀವು ಗಾಡೀನ ಹೊರ್ತೀರೋ?"

ಎಲ್ಲರೂ ನಕ್ಕರು. ಕುಮಾರಸ್ವಾಮಿ ನಗಲಿಲ್ಲ. ಬೆಳಿಗ್ಗೆ ಅವನು ಬೆವರು ಸುರಿಸುತ್ತ ಸ್ಕೂಟರ್ ತಳ್ಳುತ್ತಿದ್ದಾಗ ಈ ಮಹಾನುಭಾವ ಹಾರ್ನ್ ಹೊಡೆದುಕೊಂಡು ಮುಂದೆ ಹೋಗಿದ್ದ. ಬೈಕಿನ ಹಿಂದೆ ಎಳೆಯಾಗಿ ನೀಲಿ ಹೊಗೆ. ಅದರಲ್ಲಿ ಸ್ಕೂಟರಿನ ವಾಸನೆ!

ಸ್ಕೂಟರಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಫೋರ್‌ಸ್ಟ್ರೋಕ್ ಬೈಕಿಗೆ ಬರೀ ಪೆಟ್ರೋಲ್. ಅದು ಹೊಗೆ ಉಗುಳಬಾರದು. ಉಗುಳಿತೆಂದರೆ ಅದು ಕುಡಿದದ್ದು ಯಾರದೋ ಸ್ಕೂಟರಿನದು. ಬೋರ್ಡಿನ ಮೇಲೆ ಇಂಜಿನ್ನಿನ ಚಿತ್ರವನ್ನು ಅಷ್ಟು ಚೆಂದ ಬರೆಯುವ ರಂಗನಾಥನಿಗೆ ಕದಿಯುವ ಆತುರದಲ್ಲಿ ಇಷ್ಟು ಹೊಳೆದಿರಲಿಲ್ಲ.

ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿದರೆ ಅವನು ಕೈಮುಗಿಯುತ್ತಾನೆ, ವಠಾರದವರು "ಹೋಗ್ಲಿ ಬಿಡಪ್ಪ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕುಮಾರಸ್ವಾಮಿಗೆ ಕ್ಷಮಿಸುವ ಮನಸ್ಸಿರಲಿಲ್ಲ. ಅವನೂ ತಳ್ಳಬೇಕು. ನಾಲ್ಕು ಜನರ ಎದುರು ತಳ್ಳಬೇಕು.

ಭಾನುವಾರ ಸಂಜೆ ದಾರಿ ತಾನಾಗಿ ತೆರೆಯಿತು. ಏಕಾಂತಯ್ಯನವರ ಕಾರು ಪೆಟ್ರೋಲಿಲ್ಲದೆ ಶೆಡ್ ಸೇರಿತ್ತು. ರಂಗನಾಥ ಅವರ ಅಂಗಡಿ ಜಗುಲಿಯಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ. "ನೀವ್ಯಾಕೆ ಯೋಚ್ನೆ ಮಾಡ್ತೀರಿ ಅಧ್ಯಕ್ಷರೇ? ನಾಳೆ ಮೀಟಿಂಗ್‌ಗೆ ನಮ್ ಬೈಕಲ್ಲೇ ಕರ್ಕೊಂಡೋಗ್ತೀನಿ. ನನ್ ಗಾಡಿ ವಾಸನೆ ಮೇಲೇ ಓಡುತ್ತೆ!"

ಅರಸೀಕೆರೆಯಿಂದ ಆಗಷ್ಟೇ ಬಂದಿದ್ದ ಕುಮಾರಸ್ವಾಮಿ ಇದನ್ನು ಕೇಳಿಸಿಕೊಂಡ. ಮನೆಗೆ ಹೋಗಿ ಒಳ್ಳೆಯ ಪೆಟ್ರೋಲನ್ನು ಬಾಟಲಿಗಿಳಿಸಿ ಹಿತ್ತಲಿನ ತೆಂಗಿನ ಸಿಪ್ಪೆ ರಾಶಿಯಡಿ ಬಚ್ಚಿಟ್ಟ. ಟ್ಯಾಂಕಿನಲ್ಲಿ ಉಳಿಸಿದ್ದಕ್ಕೆ ಆಯಿಲ್ ಸುರಿದ. ಪಾಯಸಕ್ಕೆ ತುಪ್ಪ ಬಡಿಸುವ ಹಾಗೆ, ಕೈ ಬಿಚ್ಚಿ ಸುರಿದ. ಆಮೇಲೆ ಎದುರುಮನೆಗೆ ಕೇಳುವಂತೆ ಕೂಗಿದ: "ಅಮ್ಮಾ, ಇವತ್ತು ಬಂಕಲ್ಲಿ ಚೆನ್ನಾಗಿ ಹಾಕಿದ್ರು ಕಣಮ್ಮ!"

ಒಳಗಿನಿಂದ ಮಹದೇವಮ್ಮ, "ಹಂಗಾರೆ ನನ್ನ ಬೇಲೂರಿಗೆ ಕರ್ಕಂಡ್ ಹೋಗೋ. ಹೋದ್ ವರ್ಷದಿಂದ ಬರೀ ಬಾಯಲ್ಲೇ ಕರ್ಕಂಡ್ ಹೋಗ್ತಿದೀಯ" ಎಂದರು.

ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನಲ್ಲಿ ತಳ ಕಾಣುತ್ತಿತ್ತು. ಎದುರುಮನೆಯ ಬೈಕು ಆಗಲೇ ಹೊರಟಿತ್ತು. ಕುಮಾರಸ್ವಾಮಿಗೆ ಹಬ್ಬದೂಟ ಉಂಡಷ್ಟು ಹಿತವಾಯಿತು. ಉಳಿದ ಗಸಿಯನ್ನು ಚೆಲ್ಲಿ, ಬಾಟಲಿಯದನ್ನು ತುಂಬಿಕೊಂಡು, ಹಾಡು ಗುನುಗುತ್ತ ಹೊರಟ.

ಹಳೇಬೀಡು ಇನ್ನೂ ದೂರವಿರುವಾಗಲೇ ರಸ್ತೆಯ ಮೇಲೆ ಬಿಳೀ ಮೋಡವೊಂದು ಕಂಡಿತು. ಅದರ ನಡುವೆ ಕೆಮ್ಮುತ್ತಿದ್ದ ಎರಡು ಆಕೃತಿಗಳು. ರಂಗನಾಥ ಹ್ಯಾಂಡಲ್ ಹಿಡಿದಿದ್ದ. ಏಕಾಂತಯ್ಯ ಪಂಚೆ ಮೇಲೆ ಕಟ್ಟಿ ಹಿಂದಿನಿಂದ ದಬ್ಬುತ್ತಿದ್ದರು. ಪಂಚೆಯ ತುಂಬ ಎಣ್ಣೆಯ ಚುಕ್ಕಿ. ಹೊಲದಲ್ಲಿದ್ದ ಹೆಂಗಸರು ಕಳೆ ಕೀಳುವುದನ್ನು ಬಿಟ್ಟು ಬದುವಿನ ಮೇಲೆ ಬಂದು ನಿಂತಿದ್ದರು.

"ಅಯ್ಯಯ್ಯೋ, ಏನಾಯ್ತು ರಂಗನಾಥ್?" ಕುಮಾರಸ್ವಾಮಿಯ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು.

ರಂಗನಾಥನ ಕಣ್ಣು ಮೊದಲು ಸ್ಕೂಟರಿನ ಮೇಲೆ ಬಿತ್ತು. ಅದು ಹೇಗೆ ಓಡುತ್ತಿದೆ?

"ಅವ್ರನ್ನೇನ್ ಕೇಳ್ತೀರಿ? ಮೀಟಿಂಗ್‌ಗೆ ಹೊತ್ತಾತು, ನಡೀರಿ" ಎಂದು ಏಕಾಂತಯ್ಯ ಸ್ಕೂಟರ್ ಹತ್ತಿದರು.

ರಂಗನಾಥ ಬೈಕು ತಳ್ಳಿಕೊಂಡು ಶಾಲೆ ಸೇರುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ಹೊತ್ತಿಗೆ ಸರಿಯಾಗಿ ಬರುವ ಮೇಷ್ಟ್ರೆಂದು ಕುಮಾರಸ್ವಾಮಿಯನ್ನು ಕಾಯಂ ಮಾಡಿದ್ದರು. ಸ್ಟಾಫ್ ರೂಮಿನಲ್ಲಿ ಕೇಸರಿಬಾತು ಹಂಚುತ್ತಿದ್ದರು. ಕುಮಾರಸ್ವಾಮಿಯ ಮಿಮಿಕ್ರಿ ಶಾಲೆಗೆಲ್ಲ ಗೊತ್ತಿದ್ದದ್ದೇ, ಮಾಡಿ ಎಂದು ಎಲ್ಲರೂ ಗಂಟುಬಿದ್ದರು. ಕುಮಾರಸ್ವಾಮಿ ಕಾದದ್ದು ಅದಕ್ಕೇ. ಬೈಕು ಕೆಮ್ಮಿದ್ದು, ಉಬ್ಬಸ ಪಟ್ಟಿದ್ದು, ಕೊನೆಯುಸಿರೆಳೆದದ್ದು ಎಲ್ಲವನ್ನೂ ಗಂಟಲಲ್ಲೇ ತಂದ. ಆಮೇಲೆ ಥೇಟ್ ರಂಗನಾಥನ ದನಿಯಲ್ಲಿ, "ನನ್ ಗಾಡಿ ವಾಸನೆ ಮೇಲೇ ಓಡುತ್ತೆ ಅಧ್ಯಕ್ಷರೇ! ಖು... ಖು... ಖುರ್ರ್!" ಎಂದ. ಹೆಡ್ ಮಿಸ್ಟ್ರೆಸ್ ದಾಕ್ಷಾಯಣಿಯವರ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು.

ನಗುತ್ತಿದ್ದ ಏಕಾಂತಯ್ಯ ಪಂಚೆಯ ತುದಿಯನ್ನು ಮೂಗಿಗೆ ಹಿಡಿದು ತಟ್ಟನೆ ನಿಂತರು. "ಅಲ್ಲಾ ಮೇಷ್ಟ್ರೇ, ಇದು ಸ್ಕೂಟರ್ ಆಯಿಲ್ ವಾಸ್ನೆ. ಆ ಬೈಕಿಗೆ ಆಯಿಲ್ ಬೆರ್ಸಂಗಿಲ್ಲ ಅಂತಾರೆ. ಟ್ಯಾಂಕೊಳಕ್ಕೆ ಎಲ್ಲಿಂದ ಬಂತು?"

ನಗು ನಿಂತಿತು. ಎಲ್ಲರೂ ರಂಗನಾಥನ ಕಡೆ ತಿರುಗಿದರು. ಉತ್ತರ ಗೊತ್ತಿದ್ದವರು ಇಬ್ಬರೇ. ಕುಮಾರಸ್ವಾಮಿ ಕೇಸರಿಬಾತಿನಲ್ಲಿ ದ್ರಾಕ್ಷಿಯೊಂದನ್ನು ಹುಡುಕಿ, ಬಾಯಿಗಿಟ್ಟು, ನಿಧಾನವಾಗಿ ಅಗಿಯುತ್ತ ಅವನನ್ನೇ ನೋಡಿದ.

ರಂಗನಾಥನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಬಾಯಿಬಿಟ್ಟರೆ ಇದ್ದ ತಾತ್ಕಾಲಿಕ ಕೆಲಸವೂ ಹೋಗುತ್ತಿತ್ತು. ಒಮ್ಮೆಗೇ ಹೊಟ್ಟೆ ಹಿಡಿದುಕೊಂಡ.

"ಹಹ್ಹಹ್ಹಾ! ಏನ್ ಮಾಡ್ತೀರಿ ಕುಮಾರಸ್ವಾಮಿ! ಥೇಟ್ ನಂದೇ ದನಿ! ಇನ್ನೊಂದ್ ಸಲ ಮಾಡಿ, ಇನ್ನೊಂದೇ ಒಂದ್ ಸಲ!"

ಕುಮಾರಸ್ವಾಮಿ ಮತ್ತೆ ಕೆಮ್ಮಿದ. ರಂಗನಾಥ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಸುರಿಸುತ್ತ, ಕಿಟಕಿಯಾಚೆಯ ಮಕ್ಕಳು ಪಾಠ ಬಿಟ್ಟು ಇಣುಕುವಷ್ಟು ಜೋರಾಗಿ ನಕ್ಕ.